ಗಡಸು ಲೇಪದ ವಿದ್ಯೆಯೂ ಕನ್ನಡದ ಮಾತೂ

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಅಪೇಕ್ಷಿಸಿದಾಗ, ಷಟ್ಪದಿಯ ಲಯವನ್ನು ಕುರಿತೋ ಶಾಸನಗಳ ಭಾಷೆಯನ್ನು ಕುರಿತೋ ನಾಲ್ಕು ಪುಟಗಳು ಬಂದಾವೆಂದು ಅವರು ನಿರೀಕ್ಷಿಸಿದ್ದಿರಬೇಕು. ವಿದ್ವತ್ ಪರೀಕ್ಷೆಗೆ ಕುಳಿತು, ವ್ಯಾಕರಣ ಛಂದಸ್ಸು ಅಲಂಕಾರಗಳನ್ನೇ ಜೀವನದ ಬುತ್ತಿಯಾಗಿ ಕಟ್ಟಿಕೊಂಡ ಕನ್ನಡ ಪಂಡಿತನು ಲೋಹದ ಮೇಲಣ ಲೇಪವನ್ನು ಕುರಿತು ಬರೆಯಹೊರಟರೆ ಓದುಗರಿಗೆ ಅಚ್ಚರಿಯಾಗುವುದು ಸಹಜ. ಈ ವಿಷಯವನ್ನು ನಾನಾಗಿ ಆರಿಸಿಕೊಳ್ಳಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಒದಗಿದ ನಷ್ಟವು ಅದನ್ನು ನನ್ನ ಮೇಜಿನ ಮೇಲೆ ತಂದಿರಿಸಿತು. ಆ ನಷ್ಟದಲ್ಲಿ ನನ್ನ ಪಾಲೂ ಇದೆಯೆಂದು ನಂಬಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಹದಿನೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತು ಪ್ರಸ್ತಾರವನ್ನು ತಪ್ಪಿಲ್ಲದೆ ಹಾಕುತ್ತಿದ್ದ ಆ ಹುಡುಗ ಈಗ ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಯಂತ್ರ ದುರಸ್ತಿಯ ಗುತ್ತಿಗೆ ಹಿಡಿದು ಸಂಸಾರ ಸಾಗಿಸುತ್ತಿದ್ದಾನೆ. ಕಳೆದ ವರ್ಷ ಸುಗ್ಗಿಗೆ ಮುನ್ನ ಒಂದು ಸಂಜೆ ಮನೆಗೆ ಬಂದು, ಬಣ್ಣಬಣ್ಣದ ಇಂಗ್ಲಿಷ್ ಕರಪತ್ರವೊಂದನ್ನು ನನ್ನ ಮುಂದಿಟ್ಟು, "ಗುರುಗಳೇ, ಇದರಲ್ಲಿ ಬರೆದಿರುವುದು ಏನೆಂದು ಒಂದಿಷ್ಟು ಬಿಡಿಸಿ ಹೇಳಬೇಕು" ಎಂದ. ಅಕ್ಕಿಗೆ ಹೊಳಪು ಕೊಡುವ ಯಂತ್ರದ ಒಳಗಿರುವ ತಿರುಪಿನ ಉರುಳೆ, ಜರಡಿ ತಗಡು ಮೊದಲಾದ ಭಾಗಗಳು ಹೊಂಬಣ್ಣದಲ್ಲಿ ಥಳಥಳಿಸುವ ಚಿತ್ರಗಳು ಅದರಲ್ಲಿದ್ದವು. ಅವುಗಳ ಕೆಳಗೆ ಗಡಸುತನವನ್ನು ಸೂಚಿಸುವ ದೊಡ್ಡ ಅಂಕಿಗಳೂ, ನನಗೆ ಅರ್ಥವಾಗದ ಮೂರು ಮೂರು ಅಕ್ಷರಗಳ ಸಂಕ್ಷೇಪಗಳೂ ಇದ್ದವು. "ಇದು ನನ್ನ ಕ್ಷೇತ್ರವಲ್ಲಪ್ಪ, ವಿಜ್ಞಾನದ ಉಪಾಧ್ಯಾಯರನ್ನು ಕೇಳು" ಎಂದು ಹೇಳಿ, ಚಹಾ ಕುಡಿಸಿ ಕಳುಹಿಸಿಕೊಟ್ಟೆ. ಅವನು ಯಾರನ್ನೂ ಕೇಳಲಿಲ್ಲ. ಮಾರಾಟಗಾರನ ಮಾತನ್ನೇ ನಂಬಿ, ಸಾಲ ಮಾಡಿ, ಎರಡು ಗಿರಣಿಗಳಿಗೆ ಆ ಹೊಂಬಣ್ಣದ ಭಾಗಗಳನ್ನು ತರಿಸಿ ಜೋಡಿಸಿದ. ಅವು ಹಳೆಯವುಗಳಿಗಿಂತ ಕೆಲವೇ ದಿನ ಹೆಚ್ಚು ಬಾಳಿದವು. ಒಬ್ಬ ಗಿರಣಿಯ ಯಜಮಾನರು ಅವನಿಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದರು.

ಸವೆದುಹೋದ ಒಂದು ಉರುಳೆಯನ್ನು ಅವನು ತಂದು ತೋರಿಸಿದ. ಅಕ್ಕಿ ಉಜ್ಜುವ ಏಣುಗಳ ಮೇಲೆ ಬರಿಯ ಬೂದುಬಣ್ಣದ ಕಬ್ಬಿಣ ಕಾಣುತ್ತಿತ್ತು. ಅಕ್ಕಿ ತಾಗದ ಮೂಲೆಗಳಲ್ಲಿ ಮಾತ್ರ ಹೊಂಬಣ್ಣ ಉಳಿದಿತ್ತು. ಮೂರು ವರ್ಷ ನನ್ನ ಬಳಿ ಕಲಿತವನಿಗೆ ಸಂಧಿ ಸಮಾಸಗಳನ್ನು ಬಿಡಿಸುವುದನ್ನು ಹೇಳಿಕೊಟ್ಟಿದ್ದೆನೇ ಹೊರತು ತನ್ನ ಅನ್ನಕ್ಕೆ ಸಂಬಂಧಿಸಿದ ಒಂದು ಹಾಳೆಯನ್ನು ಬಿಡಿಸಿ ಓದುವ ಮಾತುಗಳನ್ನು ನಾನು ಅವನಿಗೆ ಕೊಟ್ಟಿರಲಿಲ್ಲ. ಆ ದಿನದಿಂದ ಕೆಲವು ತಿಂಗಳು, ನಮ್ಮ ಭೌತವಿಜ್ಞಾನದ ಉಪಾಧ್ಯಾಯ ಮಿತ್ರರನ್ನೂ, ಇಂಜಿನಿಯರಿಂಗ್ ಓದಿಸುವ ಒಬ್ಬ ಹಳೆಯ ವಿದ್ಯಾರ್ಥಿಯನ್ನೂ ಪೀಡಿಸಿ, ಈ ವಿದ್ಯೆಯ ಓನಾಮವನ್ನು ಕಲಿತೆ. ಕಲಿತಷ್ಟನ್ನು ಇಲ್ಲಿ ನಿವೇದಿಸುವೆ.

ಲೋಹಕ್ಕೆ ಲೇಪ ಕೊಡುವುದು ನಮಗೆ ಹೊಸತಲ್ಲ. ಓಣಿಯಲ್ಲಿ ತಿದಿ ಹೂಡಿಕೊಂಡು ಕುಳಿತು ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ಪಾತ್ರೆಯನ್ನು ಮೊದಲು ಉಜ್ಜಿ ತೊಳೆದು, ಕಾಸಿ, ನವಸಾಗರವನ್ನು ಉದುರಿಸಿ, ತವರದ ಕಡ್ಡಿಯನ್ನು ತಾಗಿಸಿ, ಕರಗಿದ ತವರವನ್ನು ಅರಳೆಯಿಂದ ಒಂದೇ ಸುತ್ತಿಗೆ ಹರಡಿಬಿಡುತ್ತಿದ್ದರು. ತವರವು ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಆದುದರಿಂದ ಬೀದಿಬದಿಯ ಇದ್ದಿಲ ಒಲೆಯಲ್ಲಿಯೇ ಆ ಕೆಲಸ ಸಾಧ್ಯವಾಗುತ್ತಿತ್ತು. ಹುಳಿ ಪದಾರ್ಥ ತಾಮ್ರಕ್ಕೆ ತಾಗಿ ಕಿಲುಬು ಏಳದಂತೆ ಆ ಬೆಳ್ಳನೆಯ ಪೊರೆ ಕಾಯುತ್ತಿತ್ತು. ಜಿಡ್ಡು ಉಳಿದ ಕಡೆ ಕಲಾಯಿ ಹಿಡಿಯದು ಎಂಬುದನ್ನು ಆ ಕಸಬಿನವರು ಬಲ್ಲರು. ಅದಕ್ಕೆಂದೇ ಅವರ ಸಮಯದ ಬಹುಪಾಲು ಉಜ್ಜುವುದರಲ್ಲಿಯೇ ಕಳೆಯುತ್ತಿತ್ತು. ಇಂದಿನ ಆಧುನಿಕ ಲೇಪಶಾಲೆಗಳಲ್ಲಿಯೂ ತೊಳೆಯುವ ಕೋಣೆ ಲೇಪಿಸುವ ಯಂತ್ರದಷ್ಟೇ ಮುಖ್ಯವೆಂದು ಕೇಳಿ ನನಗೆ ಸಂತೋಷವಾಯಿತು. ಬೆರಳಿನ ಗುರುತೊಂದು ಉಳಿದರೂ ಅಲ್ಲಿ ಪೊರೆ ಸಿಪ್ಪೆಯಂತೆ ಏಳುವುದಂತೆ.

ಆದರೆ ಎಲ್ಲ ಪದಾರ್ಥಗಳನ್ನೂ ತವರದಂತೆ ಕರಗಿಸಿ ಅರಳೆಯಿಂದ ಹರಡಲಾಗದು. ಹೊಂಬಣ್ಣದ ಆ ಗಡಸು ಪೊರೆಯ ಹೆಸರು ಟೈಟೇನಿಯಂ ನೈಟ್ರೈಡ್. ಟೈಟೇನಿಯಂ ಲೋಹವೂ ನಾವು ಉಸಿರಾಡುವ ಗಾಳಿಯಲ್ಲಿರುವ ಸಾರಜನಕವೂ ಕೂಡಿ ಆದ ಸಂಯುಕ್ತವದು. ಚಿನ್ನದ ಒಂದು ಅಣುವೂ ಅದರಲ್ಲಿಲ್ಲ. ಇದನ್ನು ಕರಗಿಸಲು ಮೂರು ಸಾವಿರ ಡಿಗ್ರಿಯ ಸುಮಾರಿನ ತಾಪ ಬೇಕು. ಅಷ್ಟರಲ್ಲಿ ಲೇಪಿಸಬೇಕಾದ ಉಕ್ಕೇ ನೀರಾಗಿ ಹರಿದಿರುತ್ತದೆ. ಆದುದರಿಂದ ಪದಾರ್ಥವನ್ನು ಆವಿಯಾಗಿಸಿ, ಆ ಆವಿಯೇ ಬಂದು ಕುಳಿತು ಘನವಾಗುವಂತೆ ಮಾಡುವ ಉಪಾಯವನ್ನು ಕಂಡುಕೊಂಡರು. ಅಡುಗೆಮನೆಯಲ್ಲಿ ಕುದಿಯುವ ಪಾತ್ರೆಯ ಮುಚ್ಚಳಕ್ಕೆ ಹನಿ ಕಟ್ಟುವಂತೆ, ಇಲ್ಲಿ ಲೋಹದ ಆವಿ ಉಕ್ಕಿನ ಮೇಲೆ ಪೊರೆ ಕಟ್ಟುತ್ತದೆ.

ಇದಕ್ಕೆ ಎರಡು ದಾರಿಗಳು. ಒಂದರಲ್ಲಿ ಟೈಟೇನಿಯಂ ಸೇರಿದ ರಾಸಾಯನಿಕ ಅನಿಲವನ್ನು ಸಾರಜನಕ ಜಲಜನಕಗಳೊಡನೆ ಸುಮಾರು ಸಾವಿರ ಡಿಗ್ರಿಗೆ ಕಾಯ್ದ ಕುಲುಮೆಯೊಳಕ್ಕೆ ಬಿಡುತ್ತಾರೆ. ಅನಿಲಗಳು ಉಪಕರಣದ ಮೈಮೇಲೆ ಪರಸ್ಪರ ವರ್ತಿಸಿ ಪೊರೆಯಾಗುತ್ತವೆ. ಟಂಗ್‌ಸ್ಟನ್ ಕಾರ್ಬೈಡಿನ ತುಂಡುಗಳು ಆ ತಾಪವನ್ನು ತಡೆಯಬಲ್ಲವು. ಸ್ವೀಡನ್ ದೇಶದ ಸ್ಯಾಂಡ್‌ವಿಕ್ ಸಂಸ್ಥೆ ಹೀಗೆ ಲೇಪಿಸಿದ ಕೊರೆತುಂಡುಗಳನ್ನು 1969ರಲ್ಲಿ ಮಾರುಕಟ್ಟೆಗೆ ತಂದಿತು. ಆದರೆ ಸಾಮಾನ್ಯ ಕೊರೆಮೊನೆಗಳ ಉಕ್ಕನ್ನು ಅಷ್ಟು ಕಾಯಿಸಿದರೆ ಕಮ್ಮಾರನು ಕಷ್ಟಪಟ್ಟು ಹಾಕಿದ ಹದವೆಲ್ಲ ಇಳಿದುಹೋಗುತ್ತದೆ. ಹದವಿಳಿದ ಉಕ್ಕಿಗೆ ಎಷ್ಟು ಗಡಸು ಪೊರೆ ಹೊದಿಸಿದರೇನು? ಆದುದರಿಂದ ಎರಡನೆಯ ದಾರಿ ಬೇಕಾಯಿತು. ಗಾಳಿಯನ್ನು ಹೊರಗೆಳೆದ ಪೆಟ್ಟಿಗೆಯೊಳಗೆ ಲೋಹವನ್ನೇ ನೇರವಾಗಿ ಆವಿಯಾಗಿಸಿ, ಅಳತೆಯ ಸಾರಜನಕವನ್ನು ಬಿಟ್ಟು, ನಾನೂರೈವತ್ತು ಐನೂರು ಡಿಗ್ರಿಗಳಲ್ಲಿಯೇ ಪೊರೆ ಕಟ್ಟಿಸುವುದು ಆ ದಾರಿ. ಹೊಂಬಣ್ಣದ ಕೊರೆಮೊನೆಗಳು 1980ರ ಆಸುಪಾಸಿನಲ್ಲಿ ಲೋಕದ ಕಾರ್ಯಾಗಾರಗಳಲ್ಲಿ ಕಾಣಿಸಿಕೊಂಡದ್ದು ಇದರಿಂದ. ಕರಪತ್ರದಲ್ಲಿದ್ದ ಪಿವಿಡಿ ಎಂಬ ಮೂರಕ್ಷರದ ಮಂತ್ರಕ್ಕೆ ಇಷ್ಟೇ ಅರ್ಥ. ಮೊದಲಿನ ದಾರಿಗೆ ಸಿವಿಡಿ ಎಂದು ಹೆಸರು.

ಗಾಳಿಯನ್ನು ಏಕೆ ಹೊರಗೆಳೆಯಬೇಕು? ಸಾಮಾನ್ಯ ವಾಯುವಿನಲ್ಲಿ ಒಂದು ಕಣವು ಮೈಕ್ರಾನಿನ ಹತ್ತನೆಯ ಒಂದು ಪಾಲಿನಷ್ಟು ದೂರವನ್ನೂ ಯಾವುದಕ್ಕೂ ಡಿಕ್ಕಿ ಹೊಡೆಯದೆ ಸಾಗಲಾರದು. ಬೆಂಗಳೂರು ರಸ್ತೆಯ ಸಂತೆಯ ಹೊತ್ತಿನಲ್ಲಿ ಓಡಹೊರಟವನ ಅವಸ್ಥೆ ಅದರದು. ಒತ್ತಡವನ್ನು ವಾಯುಭಾರದ ಕೋಟಿಯಲ್ಲೊಂದು ಪಾಲಿಗಿಂತಲೂ ಕೆಳಗಿಳಿಸಿದಾಗ ಅದೇ ಕಣವು ಮೀಟರುಗಟ್ಟಲೆ ನೇರವಾಗಿ ಹಾರಿ ಗುರಿ ಮುಟ್ಟುತ್ತದೆ. ನೇರವಾಗಿ ಹಾರುವುದರಿಂದಲೇ ಒಂದು ತೊಡಕೂ ಉಂಟು. ಬಿಸಿಲು ಬೀಳದ ಮಗ್ಗುಲು ನೆರಳಾಗುವಂತೆ, ಆವಿಗೆ ಎದುರಾಗದ ಸಂದುಗೊಂದುಗಳಲ್ಲಿ ಪೊರೆ ತೆಳುವಾಗುತ್ತದೆ. ಆದುದರಿಂದ ವಸ್ತುಗಳನ್ನು ಪೆಟ್ಟಿಗೆಯೊಳಗೆ ತಿರುಗಿಸುತ್ತಲೇ ಇರಬೇಕು.

ಪೊರೆಯ ತೆಳುವಿನ ಕಲ್ಪನೆ ಬರಲು ಒಂದು ಲೆಕ್ಕವನ್ನು ಹೇಳುವೆ. ತಮಿಳುನಾಡಿನ ಕಾವಲೂರಿನಲ್ಲಿ 1986ರ ಜನವರಿಯಲ್ಲಿ ಲೋಕಾರ್ಪಣೆಗೊಂಡ ವೈನು ಬಾಪು ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲದ್ದು. ಆ ಗಾಜನ್ನು ಅರೆದು ನುಣುಪುಗೊಳಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಅದು ಬೆಳಕನ್ನು ಪ್ರತಿಫಲಿಸುವುದು ಮಾತ್ರ ನಿರ್ವಾತದಲ್ಲಿ ಕೂರಿಸಿದ ಅಲ್ಯುಮಿನಿಯಂ ಪೊರೆಯ ಬಲದಿಂದ. ಇಂಥ ಪೊರೆ ಮೈಕ್ರಾನಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪವಿದ್ದರೆ ಸಾಕು. ಹಾಗೆಂದಮೇಲೆ ಇಬ್ಬರು ಕೈಚಾಚಿ ಹಿಡಿಯಬೇಕಾದ ಆ ಕನ್ನಡಿಯ ಇಡೀ ಮೈಗೆ ತಗುಲುವ ಅಲ್ಯುಮಿನಿಯಂ ಸುಮಾರು ಒಂದು ಗ್ರಾಂ! ಲೆಕ್ಕದಲ್ಲಿ ತಪ್ಪಿದೆಯೆಂದು ಶಂಕಿಸಿ ನಮ್ಮ ಗಣಿತದ ಉಪಾಧ್ಯಾಯರಿಂದ ಎರಡು ಬಾರಿ ಮಾಡಿಸಿದೆ, ಸರಿಯಾಗಿಯೇ ಬಂದಿತು. ಉತ್ತರಾಖಂಡದ ದೇವಸ್ಥಲದಲ್ಲಿ 2016ರಲ್ಲಿ ಕಾರ್ಯಾರಂಭ ಮಾಡಿದ 3.6 ಮೀಟರ್ ದೂರದರ್ಶಕದ ಕನ್ನಡಿಗೆ ಪೊರೆ ಕೂರಿಸುವ ಬೃಹದ್ಯಂತ್ರವನ್ನು ಕಟ್ಟಿಕೊಟ್ಟದ್ದು ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್ ಸಂಸ್ಥೆ. ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಗಡಸು ಪೊರೆಗಳ ಮೇಲೆ ಬಹುಕಾಲದಿಂದ ಸಂಶೋಧನೆ ನಡೆದಿದೆ. ವಿದ್ಯೆ ನಮ್ಮ ನಾಡಿನಲ್ಲಿಯೇ ಇದೆ. ಅದು ಬೆಂಗಳೂರಿನಿಂದ ಸಿರುಗುಪ್ಪಕ್ಕೆ ಬರುವ ದಾರಿಯಲ್ಲಿ ಕನ್ನಡದ ತಂಗುದಾಣವೊಂದೂ ಇಲ್ಲ ಎಂಬುದೇ ನನ್ನ ದೂರು.

ಉಪಕರಣಗಳ ಮೇಲಣ ಗಡಸು ಪೊರೆ ಕನ್ನಡಿಯದಕ್ಕಿಂತ ದಪ್ಪ. ಎರಡರಿಂದ ನಾಲ್ಕು ಮೈಕ್ರಾನ್. ಆದರೂ ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲನ್ನು ಮೀರದು. ಗಡಸುತನವನ್ನು ಅಳೆಯುವ ವಿಕರ್ಸ್ ಮಾನದಲ್ಲಿ ಒಳ್ಳೆಯ ಕೊರೆಮೊನೆಯ ಉಕ್ಕು ಎಂಟುನೂರು ಒಂಬೈನೂರರ ಸುಮಾರಿನದಾದರೆ ಈ ಪೊರೆ ಎರಡು ಸಾವಿರವನ್ನು ದಾಟುತ್ತದೆ. ಕರಪತ್ರದ ದೊಡ್ಡ ಅಂಕಿ ಅದೇ, ಅದು ಸುಳ್ಳಾಗಿರಲಿಲ್ಲ. ಹಾಗಾದರೆ ನನ್ನ ಶಿಷ್ಯನಿಗೆ ಮೋಸವಾದದ್ದು ಎಲ್ಲಿ?

ಸಿರುಗುಪ್ಪ ಸೀಮೆಯನ್ನು ಬಲ್ಲವರಿಗೆ ಭತ್ತದ ಮಾತನ್ನು ಹೊಸದಾಗಿ ಹೇಳಬೇಕಿಲ್ಲ. ತುಂಗಭದ್ರೆಯ ನೀರು ಹರಿದ ಮೇಲೆ ಆ ತಾಲ್ಲೂಕು ಅಕ್ಕಿಯ ಕಣಜವಾಯಿತು, ಗಿರಣಿಗಳು ಸಾಲುಗಟ್ಟಿ ನಿಂತವು. ಭತ್ತದ ಹೊಟ್ಟನ್ನು ಸುಟ್ಟರೆ ಅದರ ತೂಕದ ಐದನೆಯ ಒಂದು ಪಾಲಿನಷ್ಟು ಬೂದಿ ಉಳಿಯುತ್ತದೆ. ಆ ಬೂದಿಯ ನೂರಕ್ಕೆ ಎಂಬತ್ತೈದಕ್ಕೂ ಮೇಲ್ಪಟ್ಟ ಪಾಲು ಸಿಲಿಕಾ, ಅಂದರೆ ಮರಳಿನ ಸತ್ವ. ಭತ್ತವು ಯಂತ್ರದೊಳಗೆ ಹರಿಯುವುದೆಂದರೆ ಸಾಣೆಯ ಪುಡಿ ಹರಿದಂತೆಯೇ. ಜೊತೆಗೆ ಕಣದ ಮಣ್ಣೂ ಸಣ್ಣ ಕಲ್ಲೂ ಸೇರಿರುತ್ತವೆ. ಹೀಗೆ ಹಗಲಿರುಳು ಒತ್ತಿ ಉಜ್ಜುವ ಕಡೆ ಸವೆತವು ಮಿಲಿಮೀಟರುಗಳ ಲೆಕ್ಕದಲ್ಲಿ ನಡೆಯುತ್ತದೆ. ಅಲ್ಲಿ ಮೂರು ಮೈಕ್ರಾನಿನ ಪೊರೆ, ಎಷ್ಟೇ ಗಡಸಾಗಿದ್ದರೂ, ಜಾತ್ರೆಯ ಬಾಗಿಲಿನಲ್ಲಿ ನಿಲ್ಲಿಸಿದ ಒಬ್ಬನೇ ಕಾವಲುಗಾರ. ಅಂಥ ಭಾಗಗಳಿಗೆ ಬೆಸುಗೆಯಿಂದ ಗಡಸು ಲೋಹವನ್ನು ದಪ್ಪವಾಗಿ ಏರಿಸುವುದು, ಇಲ್ಲವೆ ಕಾರ್ಬೈಡಿನ ಪುಡಿಯನ್ನು ಉರಿಯ ವೇಗದಲ್ಲಿ ಎರಚಿ ಹತ್ತಾರು ಪಾಲು ದಪ್ಪನೆಯ ಪದರವನ್ನು ಕಟ್ಟುವುದು ಯೋಗ್ಯ ಮಾರ್ಗ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಆ ಉರುಳೆಯ ತಳದ ಲೋಹ ಮೆದು ಕಬ್ಬಿಣವಾಗಿತ್ತು. ಎರೆಹೊಲದಲ್ಲಿ ಮಳೆ ನಿಂತ ನಾಲ್ಕು ದಿನಕ್ಕೆ ಮೇಲೆ ಹಕ್ಕಳೆ ಕಟ್ಟಿ ಗಟ್ಟಿಯಾಗಿ ಕಾಣುತ್ತದೆ. ನಂಬಿ ಕಾಲಿಟ್ಟರೆ ಹಕ್ಕಳೆ ಒಡೆದು ಮೊಣಕಾಲವರೆಗೆ ಕೆಸರು. ಮೆದುವಾದ ತಳದ ಮೇಲಣ ಗಡಸು ಪೊರೆಯೂ ಹಾಗೆಯೇ ಭಾರ ಬಿದ್ದೊಡನೆ ಬಿರಿಯುತ್ತದೆ. ಬಿರಿದ ಚೂರುಗಳು ತಾವೇ ಉಜ್ಜುವ ಪುಡಿಯಾಗಿ ಕಬ್ಬಿಣವನ್ನು ಇನ್ನಷ್ಟು ತಿನ್ನುತ್ತವೆ. ಇದನ್ನು ಮೊದಲೇ ತಿಳಿಯಲು ಪ್ರಯೋಗಾಲಯ ಬೇಕಿರಲಿಲ್ಲ. ಲೇಪವಿಲ್ಲದ ಒಳಮಗ್ಗುಲಿನಲ್ಲಿ ಒಂದು ಒಳ್ಳೆಯ ಅರವನ್ನು ಹಾಯಿಸಿ ನೋಡಿದ್ದರೆ ಸಾಕಿತ್ತು. ಅರವು ಜಾರಿದರೆ ತಳ ಗಡಸು, ಕಚ್ಚಿ ಪುಡಿ ಉದುರಿಸಿದರೆ ಮೆದು. ಈ ಪರೀಕ್ಷೆಯನ್ನು ಹೇಳಿದಾಗ ಆ ಹುಡುಗ ತಲೆ ಚಚ್ಚಿಕೊಂಡ. ಅರ ಅವನ ಚೀಲದಲ್ಲಿಯೇ ಇತ್ತು. ತಳಕ್ಕೂ ಪೊರೆಗೂ ಇರುವ ಸಂಬಂಧವನ್ನು ಯಾರೂ ಅವನಿಗೆ ಅವನ ಮಾತಿನಲ್ಲಿ ಹೇಳಿರಲಿಲ್ಲ.

ಹಾಗೆಂದು ಹೊಂಬಣ್ಣದ ಪೊರೆಯೆಲ್ಲ ಬೂಟಾಟಿಕೆಯೆಂದು ಯಾರೂ ತಿಳಿಯಬಾರದು. ನಮ್ಮ ಬಳ್ಳಾರಿ ನಗರದ ಜೀನ್ಸ್ ಹೊಲಿಗೆಯನ್ನೇ ನೋಡಿ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಗಳು ಅದರಿಂದಲೇ ನಡೆಯುತ್ತಿವೆ. ಕೌಲ್ ಬಜಾರಿನ ಒಬ್ಬ ವಿದ್ಯಾರ್ಥಿಯ ತಾಯಿಯವರು, ಪೋಷಕರ ಸಭೆ ಮುಗಿದ ಮೇಲೆ ಮಾತು ಬಂದಾಗ, ತಮ್ಮ ಯಂತ್ರಕ್ಕೆ ಬೆಳ್ಳಗಿನ ಸೂಜಿ ಮತ್ತು "ಬಂಗಾರದ ಸೂಜಿ" ಎಂದು ಎರಡು ಬಗೆ ಉಂಟೆಂದೂ, ದಪ್ಪ ಮಡಿಕೆಗಳು ಕೂಡುವ ಕಡೆ ಬಂಗಾರದ ಸೂಜಿ ಹಾಕಿದರೆ ದಾರ ಸುಟ್ಟು ಹರಿಯುವುದು ಕಡಿಮೆಯೆಂದೂ ಹೇಳಿದರು. ನಾನು ಪುಸ್ತಕದಲ್ಲಿ ಓದಿ ತಿಳಿದದ್ದನ್ನು ಅವರು ಬೆರಳಿನಿಂದ ತಿಳಿದಿದ್ದರು. ನಿಮಿಷಕ್ಕೆ ನಾಲ್ಕು ಸಾವಿರ ಬಾರಿ ಏಳುಬೀಳುವ ಸೂಜಿ ನಾಲ್ಕಾರು ಪದರಗಳ ಗಡಸು ಬಟ್ಟೆಯನ್ನು ತೂರುವಾಗ ಘರ್ಷಣೆಯಿಂದ ಕಾಯುತ್ತದೆ. ಪಾಲಿಯೆಸ್ಟರ್ ದಾರವು 250 ಡಿಗ್ರಿಯ ಸುಮಾರಿಗೆ ಕರಗುವಂಥದು. ಟೈಟೇನಿಯಂ ನೈಟ್ರೈಡಿನ ಪೊರೆ ಸೂಜಿಯ ಮೈ ಸವೆಯದಂತೆ, ಮೊನೆ ಬೇಗ ಮೊಂಡಾಗದಂತೆ ಕಾಯುತ್ತದೆ. ಇಲ್ಲಿ ತಳ ಹದವಾದ ಉಕ್ಕು, ಎದುರಾಳಿ ಹತ್ತಿಯ ಬಟ್ಟೆ. ಮೂರು ಮೈಕ್ರಾನ್ ಸಾಕಾಗುವುದು ಈ ಕಾರಣದಿಂದ. ಬೆಲೆ ಹೆಚ್ಚು, ನಿಜ. ಯಾವ ಕೀಲಿಗೆ ಯಾವ ಸೂಜಿ ಎಂಬುದನ್ನು ಆ ತಾಯಿಯವರು ಬಲ್ಲರು. ನನ್ನ ಶಿಷ್ಯನಿಗೆ ಉರುಳೆಯ ವಿಷಯದಲ್ಲಿ ಅಂಥ ತಿಳಿವಳಿಕೆ ಒದಗಲಿಲ್ಲ.

ಕುರುಗೋಡಿನಲ್ಲಿ ಕಲ್ಲು ಕೆಲಸದವರೊಬ್ಬರನ್ನು ವಿಚಾರಿಸಿದಾಗ ಅವರು ನಕ್ಕರು. ದೊಡ್ಡ ಬಸವೇಶ್ವರನ ಏಕಶಿಲಾ ಮೂರ್ತಿಯನ್ನು ಕಡೆದ ಊರಿನವರಿಗೆ ಕಲ್ಲಿನ ಗಡಸುತನವನ್ನು ಹೇಳಹೋದದ್ದು ನನ್ನ ಅವಿವೇಕವೇ ಸರಿ. ಉಳಿಗೆ ಬೀಳುವುದು ಸುತ್ತಿಗೆಯ ಪೆಟ್ಟು. ಪೆಟ್ಟಿಗೆ ತೆಳು ಪೊರೆ ನಿಲ್ಲದು. ಉಳಿಗೆ ಹದ ಬೇಕು, ಇಲ್ಲವೆ ಬಾಯಿಗೆ ಕಾರ್ಬೈಡಿನ ತುಂಡನ್ನು ಬೆಸೆಯಬೇಕು. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನರು ಕರಿಗಲ್ಲಿನ ಕೊಡಲಿಗಳನ್ನು ಬಂಡೆಯ ಮೇಲೆ ತೇಯ್ದು ಹರಿತಗೊಳಿಸಿದ ಗುಳಿಗಳು ಇಂದಿಗೂ ಇವೆ. ಸವೆತದೊಡನೆ ಹೋರಾಟ ಈ ಸೀಮೆಗೆ ಅಷ್ಟು ಹಳೆಯದು. ಇರಲಿ.

ತೋರಣಗಲ್ಲಿನ ಉಕ್ಕು ಕಾರ್ಖಾನೆಯಲ್ಲಿ ತಗಡಿಗೆ ಕೊಡುವ ಸತುವಿನ ಲೇಪದ ರೀತಿಯೇ ಬೇರೆ. ಸತು ಮೆದು ಲೋಹ, ಉಗುರಿಗಿಂತ ಸ್ವಲ್ಪವೇ ಗಟ್ಟಿ. ಆದರೆ ಗೀರು ಬಿದ್ದು ಉಕ್ಕು ಹೊರಕಂಡರೂ ಸತುವು ತಾನು ಮೊದಲು ತುಕ್ಕಿಗೆ ಬಲಿಯಾಗಿ ಉಕ್ಕನ್ನು ಉಳಿಸುತ್ತದೆ. ಟೈಟೇನಿಯಂ ನೈಟ್ರೈಡ್ ಎರಡು ಸಾವಿರ ಗಡಸಿನದಾದರೂ ಅದರಲ್ಲಿ ಕಣ್ಣಿಗೆ ಕಾಣದ ಸೂಜಿರಂಧ್ರಗಳಿರುವುದರಿಂದ ಸಾದಾ ಕಬ್ಬಿಣವನ್ನು ತುಕ್ಕಿನಿಂದ ಕಾಯಲಾರದು. ಕಲ್ಯಾಣಮಂಟಪಗಳಲ್ಲಿ ಈಚೆಗೆ ಕಾಣುವ ಹೊಂಬಣ್ಣದ ಕಟಕಟೆಗಳು ತುಕ್ಕು ಹಿಡಿಯದೆ ಇರುವುದು ಒಳಗಿನ ತುಕ್ಕುರಹಿತ ಉಕ್ಕಿನ ಪುಣ್ಯದಿಂದ.

ಇಷ್ಟನ್ನು ತಿಳಿದುಕೊಂಡ ಮೇಲೆ ಹತ್ತನೆಯ ತರಗತಿಯ ಮಕ್ಕಳಿಗೆ ಹೇಳೋಣವೆಂದು ಒಂದು ಪಾಠವನ್ನು ಬರೆದೆ. ಪಂಡಿತನಲ್ಲವೇ, ಮೊದಲು ಪರಿಭಾಷೆಯನ್ನು ಹೊಸೆದೆ. 'ಭೌತ ಬಾಷ್ಪ ನಿಕ್ಷೇಪಣ', 'ರಾಸಾಯನಿಕ ಬಾಷ್ಪ ನಿಕ್ಷೇಪಣ' ಎಂದು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ನಿಕ್ಷೇಪ ಅಂದರೆ ಸಂಡೂರಿನ ಅದಿರಿನ ನಿಕ್ಷೇಪವೇ?" ಎಂದು ಕೇಳಿದ. ತರಗತಿ ನಕ್ಕಿತು. ಈ ಜಿಲ್ಲೆಯಲ್ಲಿ ಬೆಳೆದ ಮಗುವಿಗೆ ಆ ಶಬ್ದಕ್ಕೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ನಿಘಂಟನ್ನು ತೆರೆದರೆ ಇಂಗ್ಲಿಷಿನ ಆ ಮಾತಿಗೆ 'ಠೇವಣಿ' ಎಂದೂ ಇದೆ. ಅದನ್ನು ಬಳಸಿದ್ದರೆ ಪಾಠವು ಬ್ಯಾಂಕಿನಲ್ಲಿ ಮುಗಿಯುತ್ತಿತ್ತು.

ಆ ರಾತ್ರಿ ಪಾಠವನ್ನು ಹರಿದುಹಾಕಿ ಮತ್ತೆ ಬರೆದೆ. ಕಲಾಯಿಯವರ ಮಾತು, ಕಮ್ಮಾರರ ಮಾತು, ಹೊಲಿಗೆಯವರ ಮಾತುಗಳನ್ನು ಪಟ್ಟಿ ಮಾಡಿಕೊಂಡಾಗ ಬಡತನ ನನ್ನದೇ ಹೊರತು ಕನ್ನಡದ್ದಲ್ಲವೆಂದು ತಿಳಿಯಿತು. ಇಂಗ್ಲಿಷಿನವರು ಪ್ರಯತ್ನಪಟ್ಟು ಬೇರ್ಪಡಿಸುವ ಗುಣಗಳಿಗೆ ನಮ್ಮಲ್ಲಿ 'ಗಡಸು' ಬೇರೆ, 'ಪೆಡಸು' ಬೇರೆ, 'ಜಿಗುಟು' ಬೇರೆ. ಗೀರಿಗೆ ಜಗ್ಗದ್ದು ಗಡಸು. ಬಗ್ಗಿಸಿದರೆ ಲಟಕ್ಕೆಂದು ಮುರಿಯುವುದು ಪೆಡಸು. ಮುರಿಯದೆ ಪೆಟ್ಟನ್ನು ನುಂಗುವುದು ಜಿಗುಟು. ಗಡಸು ಪೊರೆಯು ಪೆಡಸೂ ಆಗಿರುವುದರಿಂದ ಜಿಗುಟಾದ ತಳ ಬೇಕು ಎಂದರೆ ಹತ್ತನೆಯ ತರಗತಿಯ ಹುಡುಗನಿಗೆ ಇಡೀ ಶಾಸ್ತ್ರದ ಕೀಲಿಕೈ ಕೊಟ್ಟಂತೆ. 'ಬಾಷ್ಪ ನಿಕ್ಷೇಪಣ'ದ ಸ್ಥಾನದಲ್ಲಿ 'ಆವಿಲೇಪ' ಎಂದೆ. ಒಬ್ಬನೂ ನಗಲಿಲ್ಲ, ಒಬ್ಬನೂ ಅರ್ಥ ಕೇಳಲಿಲ್ಲ. ಸಂಸ್ಕೃತದ ಮೇಲೆ ನನಗೆ ದ್ವೇಷವಿಲ್ಲ. ಅದರ ಅನ್ನವನ್ನೇ ಉಂಡು ಬೆಳೆದವನು ನಾನು. 'ಲೇಪ'ವೂ ಸಂಸ್ಕೃತವೇ, 'ಕಲಾಯಿ' ಅರಬ್ಬೀ ಮೂಲದ್ದು. ಎರಡೂ ನಮ್ಮ ಅಡುಗೆಮನೆಯಲ್ಲಿ ನೂರಾರು ವರ್ಷ ಬಾಳಿವೆ. ಬಳಕೆಯಲ್ಲಿ ಬಾಳಿದ ಮಾತು ಎಲ್ಲಿಂದ ಬಂದಿತೆಂದು ಕೇಳುವುದು ನನ್ನಂಥವರ ಚಪಲ. ಮಗುವಿಗೆ ಅದು ತಿಳಿಯಿತೇ ಎಂಬುದೇ ಪ್ರಶ್ನೆ.

ಕೆಲವು ಸಹೋದ್ಯೋಗಿಗಳು ಇದಕ್ಕೆ ಆಕ್ಷೇಪವೆತ್ತಿದ್ದಾರೆ. ಮುಂದೆ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಓದಬೇಕಾದ ಮಕ್ಕಳಿಗೆ ಕನ್ನಡದ ಹೊರೆ ಏಕೆ ಎಂಬುದು ಅವರ ವಾದ. ಮುಂದೆ ಓದುವ ಮಕ್ಕಳ ಚಿಂತೆ ನನಗಿಲ್ಲ. ಅವರು ಹೇಗೂ ದಾರಿ ಕಂಡುಕೊಳ್ಳುತ್ತಾರೆ. ಹತ್ತನೆಯ ತರಗತಿಗೋ ಐಟಿಐಗೋ ಓದು ನಿಲ್ಲಿಸಿ ಗಿರಣಿಗೆ, ಹೊಲಿಗೆಗೆ, ಮುಂಡರಗಿ ಕೈಗಾರಿಕಾ ಪ್ರದೇಶದ ಲೇತುಗಳಿಗೆ ಹೋಗುವ ಮಕ್ಕಳ ಮಾತನ್ನು ನಾನು ಆಡುತ್ತಿದ್ದೇನೆ. ಕರಪತ್ರಗಳು ಬರುವುದು ಅವರ ಕೈಗೆ. ಸಾಲ ಮಾಡುವವರೂ ಅವರೇ. ಇನ್ನೊಬ್ಬ ಹಿರಿಯ ಮಿತ್ರರು, "ಪಂಡಿತರೇ, ನೀವು ಹಳಗನ್ನಡವನ್ನು ಬಿಟ್ಟು ಕಮ್ಮಾರಿಕೆಗೆ ಇಳಿದರೆ ಹಳಗನ್ನಡದ ಗತಿಯೇನು?" ಎಂದು ವಿನೋದವಾಗಿ ಕೇಳಿದರು. ಅದನ್ನು ಬಿಡುವ ಮಾತಿಲ್ಲ. ವಾರಕ್ಕೊಂದು ಅವಧಿ ಎರವಲು ಕೇಳುತ್ತಿದ್ದೇನೆ, ಅಷ್ಟೆ.

ಇನ್ನು ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ಶ್ರೀಮಠದ ಈ ಶಾಲೆಗೆ ನೀವು ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದೀರಿ, ಪೀಠೋಪಕರಣಗಳನ್ನು ಒದಗಿಸಿದ್ದೀರಿ. ಆ ಋಣ ದೊಡ್ಡದು. ಈ ವರ್ಷ ಸ್ವಾಗತ ಕಮಾನಿಗೆ ಹೊಂಬಣ್ಣದ ಉಕ್ಕಿನ ಹೊದಿಕೆ ಹಾಕಿಸಬೇಕೆಂಬ ಸಲಹೆಯೊಂದು ಬಂದಿದೆಯೆಂದು ಕೇಳಿದೆ. ಕೊಡುವವರ ಕೈಯನ್ನು ಹಿಡಿಯುವ ಅಧಿಕಾರ ನನಗಿಲ್ಲ. ಆದರೆ ಆ ಹಣದ ಸಣ್ಣ ಪಾಲಿನಲ್ಲಿ ಹಿಂಬದಿಯ ಹಳೆಯ ಉಗ್ರಾಣದಲ್ಲಿ ಒಂದು ಮೇಜು, ಒಂದು ಹಿಡಿಗೂಟ, ಗಡಸುತನ ಪರೀಕ್ಷಿಸುವ ಬೇರೆ ಬೇರೆ ಹದದ ಅರಗಳ ಒಂದು ಕಟ್ಟು, ನಾನೂರು ಪಾಲು ಹಿಗ್ಗಿಸಿ ತೋರಿಸುವ ಒಂದು ಸೂಕ್ಷ್ಮದರ್ಶಕ ಇಷ್ಟನ್ನು ಕೂರಿಸಬಹುದು. ಮುರಿದ ಸೂಜಿ, ಸವೆದ ಕೊರೆಮೊನೆ, ಸಿಪ್ಪೆಯೆದ್ದ ಉರುಳೆಗಳಿಗೆ ಹಣ ಬೇಡ. ಬಳ್ಳಾರಿಯ ಗುಜರಿಗಳಲ್ಲಿ ರಾಶಿ ಬಿದ್ದಿವೆ. ಸಾಣೆ ಹಿಡಿದು ಮತ್ತೆ ಹರಿತಗೊಳಿಸಿದ ಕೊರೆಮೊನೆಯ ತುದಿಯಲ್ಲಿ ಹೊಂಬಣ್ಣ ಹೋಗಿರುತ್ತದೆ, ಆದರೆ ಸುರುಳಿಯ ಒಳಗಾಲುವೆಯಲ್ಲಿ ಉಳಿದ ಪೊರೆ ಲೋಹದ ಚಿಪ್ಪನ್ನು ಜಾರಿಸುವ ಕೆಲಸವನ್ನು ಮುಂದುವರಿಸುತ್ತದೆ. ಇದನ್ನು ಕಣ್ಣಾರೆ ನೋಡಿದ ಹುಡುಗ ಒಂದು ಕೊರೆಮೊನೆಯನ್ನು ಎಸೆಯುವ ಮುನ್ನ ಯೋಚಿಸುತ್ತಾನೆ.

ಶನಿವಾರದ ಸಂಜೆಗಳಲ್ಲಿ ಬಂದು ಮಕ್ಕಳಿಗೆ ತನ್ನ ನಷ್ಟದ ಕತೆಯನ್ನೂ ಅರದ ಪರೀಕ್ಷೆಯನ್ನೂ ತಾನೇ ಹೇಳಿಕೊಡುವುದಾಗಿ ನನ್ನ ಆ ಶಿಷ್ಯ ಒಪ್ಪಿದ್ದಾನೆ. ಅವನ ಉರುಳೆ ಸದ್ಯಕ್ಕೆ ನನ್ನ ಮೇಜಿನ ಮೇಲೆ ವ್ಯಾಕರಣ ಗ್ರಂಥಗಳ ಕಾಗದ ಹಾರದಂತೆ ಭಾರವಾಗಿ ಕುಳಿತಿದೆ. ಅರವತ್ತು ಪುಟಗಳ ಒಂದು ಕೈಪಿಡಿಯನ್ನು ಬರೆಯಲು ತೊಡಗಿದ್ದೇನೆ. ಕಾರ್ಯಾಗಾರಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ತಾವು ನಿತ್ಯ ಬಳಸುವ ಮಾತುಗಳನ್ನು, ಅವು ಎಷ್ಟೇ ಒರಟಾಗಿದ್ದರೂ, ಶಾಲೆಯ ವಿಳಾಸಕ್ಕೆ ಒಂದು ಕಾಗದದಲ್ಲಿ ಬರೆದು 'ಕನ್ನಡ ಪಂಡಿತರಿಗೆ' ಎಂದು ಕಳುಹಿಸಿದರೆ ಉಪಕಾರವಾದೀತು. ವಿಶೇಷವಾಗಿ ಒಂದು ಶಬ್ದ ನನ್ನನ್ನು ಕಾಡುತ್ತಿದೆ. 1852ರಲ್ಲಿ ವಿಲಿಯಂ ಗ್ರೋವ್ ಎಂಬ ವಿಜ್ಞಾನಿ ಗಮನಿಸಿ ವರದಿ ಮಾಡಿದ ಒಂದು ವಿಧಾನವುಂಟು. ಅದರಲ್ಲಿ ಲೋಹವನ್ನು ಕಾಯಿಸಿ ಆವಿಯಾಗಿಸುವುದಿಲ್ಲ. ಆರ್ಗಾನ್ ಅನಿಲದ ವಿದ್ಯುತ್ಕಣಗಳು ಬಂದು ಬಡಿದು, ಗೋಲಿಯಾಟದಲ್ಲಿ ಒಂದು ಗೋಲಿ ಮತ್ತೊಂದನ್ನು ಹಾರಿಸುವಂತೆ, ಲೋಹದ ಪರಮಾಣುಗಳನ್ನು ಎಬ್ಬಿಸುತ್ತವೆ. ದೇವಸ್ಥಲದ ಕನ್ನಡಿಗೆ ಪೊರೆ ಕೂರಿಸುವುದು ಈ ವಿಧಾನದಿಂದಲೇ. ಇದಕ್ಕೆ ಒಗ್ಗರಣೆಯ ಸಾಸಿವೆಯನ್ನು ನೆನೆದು 'ಸಿಡಿಲೇಪ' ಎಂದು ಬರೆದಿಟ್ಟೆ. ಭೌತವಿಜ್ಞಾನದ ಮಿತ್ರರು, ಸಾಸಿವೆ ಕಾವಿನಿಂದ ಸಿಡಿಯುತ್ತದೆ, ಇದು ಪೆಟ್ಟಿನಿಂದ ಸಿಡಿಯುವುದು ಎಂದು ತಕರಾರು ಮಾಡಿದ್ದಾರೆ. ಅವರ ತಕರಾರು ನ್ಯಾಯವಾದದ್ದೇ. ಅದಕ್ಕಿಂತ ಒಳ್ಳೆಯ ಮಾತು ಯಾರ ಬಾಯಲ್ಲಾದರೂ ಇದ್ದರೆ, ಕೈಪಿಡಿಯ ಅಚ್ಚು ಶುರುವಾಗುವ ಮುನ್ನ ದಯಮಾಡಿ ತಿಳಿಸಬೇಕು.